ಹನ್ನೆರಡು ಗುಂಟೆ ಹುಲ್ಲು

ನೂರು ದನಕ್ಕೆ 30 ಎಕರೆ ಗೋಮಾಳ. ಇದು 1966ರ ಕರ್ನಾಟಕ ಭೂಕಂದಾಯ ನಿಯಮಗಳ ಲೆಕ್ಕ. ಒಂದು ದನದ ಪಾಲಿಗೆ 12 ಗುಂಟೆ. 300 ಕೆ.ಜಿ. ತೂಗುವ ಹಸುವಿಗೆ ದಿನಕ್ಕೆ ಸುಮಾರು 7 ಕೆ.ಜಿ. ಒಣಮೇವು ಬೇಕು. ಎಕರೆಗೆ ವರ್ಷಕ್ಕೆ ಎಂಟು ಕ್ವಿಂಟಾಲ್ ಒಣಹುಲ್ಲು ಬೆಳೆಯಿತು ಎಂದೇ ಹಿಡಿಯಿರಿ, ಆ ಹನ್ನೆರಡು ಗುಂಟೆ ಮೂವತ್ತನಾಲ್ಕು ದಿನಕ್ಕೆ ಬೋಳು. ಒತ್ತುವರಿಯಾಗಿ ಉಳಿದ ಗೋಮಾಳದ ಲೆಕ್ಕ ಹಾಕುವುದೇ ಬೇಡ.

ಈ ನಿಯಮ ದನ ಎಣಿಸುತ್ತದೆ, ಮಣ್ಣು ನೋಡುವುದಿಲ್ಲ. ಹಾಸನ ಜಿಲ್ಲೆಯನ್ನೇ ನೋಡಿ. ಹಾಸನದಿಂದ ಚನ್ನರಾಯಪಟ್ಟಣದ ಕಡೆ ಹೋದಂತೆ ಮಳೆ ಕಡಿಮೆ; ದಿಣ್ಣೆಗಳಲ್ಲಿ ತೆಳುವಾದ ಕೆಮ್ಮಣ್ಣು, ಕೆಳಗೆ ಗರಸು. ದನ ತುಳಿದು ಬರಿದಾದ ಕಡೆ ಮಳೆಹನಿ ಬಿದ್ದು ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ. ನೀರು ಇಂಗದೆ ಹರಿದುಹೋಗುತ್ತದೆ. ಹೊಳೆನರಸೀಪುರ, ಅರಕಲಗೂಡು ಸೀಮೆಯ ಹೊಳೆಬದಿಯ ತಗ್ಗಿನ ಜಿಗುಟು ಮಣ್ಣು ನೀರು ಹಿಡಿಯುತ್ತದೆ, ಮೇಯ್ದ ಹುಲ್ಲು ಬೇಗ ಚಿಗುರುತ್ತದೆ. ಆದರೆ ಹಸಿಯಿದ್ದಾಗ ಅಲ್ಲಿ ದನ ನುಗ್ಗಿದರೆ ಗೊರಸಿನ ಗುಳಿಗಳು ಒಣಗಿ ಇಟ್ಟಿಗೆಯಾಗುತ್ತವೆ.

ಗೋಮಾಳದಲ್ಲಿ ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಿ. ನೆಟ್ಟಗೆ ಬೆಳೆಯುವ ಊಬಿನ ಹುಲ್ಲು ಎಲೆ ಕಳೆದುಕೊಂಡರೆ ಬುಡದಲ್ಲಿ ಕೂಡಿಟ್ಟ ಆಹಾರ ಖರ್ಚು ಮಾಡಿ ಚಿಗುರಬೇಕು. ಮತ್ತೆ ಮತ್ತೆ ಮೇಯ್ದರೆ ಗಂಟು ಕರಗುತ್ತದೆ, ಬೇರೂ ಕುಗ್ಗುತ್ತದೆ. ಗರಿಕೆ ಜಾಣ, ನೆಲಕ್ಕಂಟಿ ಹರಡುವ ಅದರ ಕುಡಿ ಹಸುವಿನ ನಾಲಿಗೆಗೆ ಸುಲಭಕ್ಕೆ ಸಿಗುವುದಿಲ್ಲ. ಕುರಿ ಮಾತ್ರ ಬುಡಕ್ಕೇ ಬಾಯಿ ಹಾಕುತ್ತದೆ. ಗರಿಕೆಯೂ ಸೋತ ಜಾಗದಲ್ಲಿ ದನ ಮೂಸದ ತಂಗಡಿ, ಲಂಟಾನ ಏಳುತ್ತವೆ. ದೂರದಿಂದ ನೋಡಿದವರಿಗೆ ಅದೂ ಹಸಿರೇ!

ಹುಲ್ಲಿಗೆ ಬಿಡುವು ಬೇಕೆಂದು ಹಳಬರಿಗೆ ಗೊತ್ತಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅಂದರೆ ಅರಮನೆಯ ದನಗಳ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅದರ ಮೇವಿನ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ವಿಂಗಡಿಸಿದ್ದರು. ಹಿಂಡು ಒಂದರಲ್ಲಿದ್ದಾಗ ಉಳಿದೆರಡರ ಹುಲ್ಲಿಗೆ ಬಿಡುವು. ಚನ್ನರಾಯಪಟ್ಟಣ ತಾಲ್ಲೂಕಿನ ರಾಯಸಮುದ್ರ ಅಂಥದೊಂದು ಕಾವಲು.

ಊರಿನ ಗೋಮಾಳಕ್ಕೆ ಮೂರು ಕಾವಲು ಎಲ್ಲಿಂದ ತರುವುದು? ಬೇಡ. ಮುಂಗಾರು ಹಿಡಿದ ಮೊದಲ ಆರು ವಾರ ಅರ್ಧ ಗೋಮಾಳಕ್ಕೆ ದನ ಬಿಡಬೇಡಿ, ಮರುವರ್ಷ ಇನ್ನರ್ಧಕ್ಕೆ. ಗರಸಿನ ದಿಣ್ಣೆಗೆ ಇನ್ನೂ ಎರಡು ವಾರ ಹೆಚ್ಚು ಕೊಡಿ.