ಸೈಕಲ್‌ನ ಹ್ಯಾಂಡಲ್ ಬದಲಿಸುವ ಮುನ್ನ

ನಿಮ್ಮ ಮನೆಯ ಮೂಲೆಯಲ್ಲಿ ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್‌ನ ರೇಸ್ ಸೈಕಲೊಂದು ಧೂಳು ಹಿಡಿದು ನಿಂತಿದೆಯೇ? ಮಗ ಆಸೆಪಟ್ಟು ಕೊಂಡದ್ದು. ಈಗ ಅವನಿಗೆ ಬೇಡ. ನೀವು ಹತ್ತಿದರೆ ಬೆನ್ನು, ಕತ್ತು ನೋಯುತ್ತದೆ. ಹಾಗೆಂದು ಗುಜರಿಗೆ ಹಾಕಬೇಡಿ. ನೇರ ಹ್ಯಾಂಡಲ್ ಹಾಕಿಸಿದರೆ ಅದೇ ಸೈಕಲ್ ಸಂತೆಗೂ ಕೆಲಸಕ್ಕೂ ಆದೀತು. ಆದರೆ ಹ್ಯಾಂಡಲ್ ಬದಲಾದರೆ ಬ್ರೇಕಿನ ಲೆಕ್ಕವೂ ಬದಲಾಗುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ನಂಜನಗೂಡು ಮತ್ತು ತಿ. ನರಸೀಪುರದವರು ಇದನ್ನು ಹಗುರವಾಗಿ ಕಾಣುವಂತಿಲ್ಲ. ಕೋಝಿಕ್ಕೋಡ್‌ನಿಂದ ಬರುವ ರಾಷ್ಟ್ರೀಯ ಹೆದ್ದಾರಿ 766 ನಂಜನಗೂಡು, ಮೈಸೂರು, ತಿ. ನರಸೀಪುರಗಳನ್ನು ದಾಟಿಯೇ ಕೊಳ್ಳೇಗಾಲ ಸೇರುತ್ತದೆ. ಲಾರಿ, ಬಸ್ಸುಗಳ ನಡುವೆ ಸೈಕಲ್ ತುಳಿಯುವವನಿಗೆ ಬ್ರೇಕ್ ಬಿಟ್ಟರೆ ಬೇರೆ ರಕ್ಷಣೆ ಏನಿದೆ?

ಮೊದಲು ಅಳತೆ ನೋಡಿ. ಹ್ಯಾಂಡಲನ್ನು ಕಚ್ಚಿ ಹಿಡಿಯುವ ಭಾಗಕ್ಕೆ ಸ್ಟೆಮ್ ಎನ್ನುತ್ತಾರೆ. ಅದರ ಬಾಯಿ ಸಾಮಾನ್ಯವಾಗಿ 25.4, 26 ಅಥವಾ 31.8 ಮಿ.ಮೀ. ಇರುತ್ತದೆ. 26ರ ಸ್ಟೆಮ್‌ಗೆ 25.4ರ ಹ್ಯಾಂಡಲ್ ತುರುಕಿ, ಸಂದಿಗೆ ತಗಡಿನ ತುಂಡು ಇಟ್ಟು ಬಿಗಿಯಲು ಬಿಡಬೇಡಿ. ಗುಂಡಿಗೆ ಇಳಿದಾಗ ಹ್ಯಾಂಡಲ್ ಜಾರಿದರೆ ಸವಾರ ಮುಂದಕ್ಕೆ ಬೀಳುತ್ತಾನೆ.

ಬಾಗಿದ ಹ್ಯಾಂಡಲ್‌ನಲ್ಲಿ ಬ್ರೇಕ್ ಲಿವರ್ ಕೂರುವ ಕೊಳವೆ 23.8 ಮಿ.ಮೀ., ನೇರ ಹ್ಯಾಂಡಲ್‌ನದ್ದು 22.2 ಮಿ.ಮೀ. ಆದ್ದರಿಂದ ಹಳೆಯ ಲಿವರ್ ಕೂರುವುದಿಲ್ಲ, ಹೊಸದು ಬೇಕು. ಎಡವುವುದು ಇಲ್ಲಿಯೇ. ರೇಸ್ ಸೈಕಲ್‌ನಲ್ಲಿ ಚಕ್ರದ ಮೇಲೆ ಇಕ್ಕಳದಂತೆ ಕುಳಿತಿರುವ ಕ್ಯಾಲಿಪರ್ ಬ್ರೇಕಿಗೆ ತಂತಿಯನ್ನು ಸ್ವಲ್ಪವೇ ಎಳೆದರೆ ಸಾಕು. ಮೌಂಟೇನ್ ಸೈಕಲ್‌ಗಳ ಎರಡು ಉದ್ದ ತೋಳಿನ ವಿ-ಬ್ರೇಕಿಗೆ ಹೆಚ್ಚು ಎಳೆತ ಬೇಕು, ಅದರ ಲಿವರ್ ಸುಮಾರು ಎರಡು ಪಟ್ಟು ತಂತಿ ಎಳೆಯುತ್ತದೆ. ಆ ಲಿವರನ್ನು ಕ್ಯಾಲಿಪರ್‌ಗೆ ಜೋಡಿಸಿದರೆ ಎಳೆತ ಹೆಚ್ಚಿ, ಒತ್ತುವ ಬಲ ಕುಗ್ಗುತ್ತದೆ. ಮೋಸವೇನೆಂದರೆ, ಅಂಗಡಿಯ ಮುಂದೆ ಒತ್ತಿ ನೋಡಿದಾಗ ಲಿವರ್ ಗಟ್ಟಿಯಾಗಿಯೇ ಇರುತ್ತದೆ. ಬ್ರೇಕ್ ಹಿಡಿಯುತ್ತಿಲ್ಲವೆಂದು ತಿಳಿಯುವುದು ರಸ್ತೆಯಲ್ಲಿ! ಆದ್ದರಿಂದ “ನೇರ ಹ್ಯಾಂಡಲ್‌ಗೆ ಹೊಂದುವ, ಕ್ಯಾಲಿಪರ್ ಬ್ರೇಕಿನ ಲಿವರ್ ಕೊಡಿ” ಎಂದು ಬಿಡಿಸಿ ಕೇಳಿ.

ಒಳತಂತಿಯನ್ನೂ ಹೊಸದಾಗಿ ಹಾಕಿಸಿ. ಬಾಗಿದ ಹ್ಯಾಂಡಲ್‌ನ ಬ್ರೇಕ್ ತಂತಿಯ ತುದಿ ಸಾಮಾನ್ಯವಾಗಿ ಪೇರು ಹಣ್ಣಿನ ಆಕಾರ, ನೇರ ಹ್ಯಾಂಡಲ್‌ನದ್ದು ಪುಟ್ಟ ಪೀಪಾಯಿಯ ಆಕಾರ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. ಎಲ್ಲಿಯೂ ತಂತಿಯ ಹೊರಕವಚ ಬಿಗಿಯಬಾರದು.

ಗೇರ್ ಲಿವರ್ ಚೌಕಟ್ಟಿನ ಕೊಳವೆಯ ಮೇಲಿದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ. ಬ್ರೇಕ್ ಲಿವರ್‌ನೊಳಗೇ ಗೇರ್ ಸೇರಿದ್ದರೆ, ಹಲ್ಲುಚಕ್ರಗಳ ಸಂಖ್ಯೆಗೆ ಹೊಂದುವ ಗೇರ್ ಲಿವರ್ ಬೇರೆ ಬೇಕು. ಆಗ ಖರ್ಚು ಏರುತ್ತದೆ. ಅಂಥವರು ಮೊದಲು ಹ್ಯಾಂಡಲನ್ನು ಸ್ವಲ್ಪ ಮೇಲೆತ್ತಿಸಿ ಓಡಿಸಿ ನೋಡಲಿ. ನೋವು ಅಷ್ಟಕ್ಕೇ ಕಡಿಮೆಯಾದರೆ ಹಣವೂ ಉಳಿಯಿತು.

ಇನ್ನೊಂದು ಮಾತು. ರೇಸ್ ಸೈಕಲ್‌ನ ಹ್ಯಾಂಡಲ್ ಮುಂದಕ್ಕೆ ಚಾಚಿರುವುದರಿಂದ ಅದರ ಚೌಕಟ್ಟು ಸಾಮಾನ್ಯವಾಗಿ ಗಿಡ್ಡ. ನೇರ ಹ್ಯಾಂಡಲ್ ಹಾಕಿದಾಗ ತೀರಾ ಇಕ್ಕಟ್ಟೆನಿಸಿದರೆ ಉದ್ದದ ಸ್ಟೆಮ್ ಹಾಕಿಸಿ.

ಕೆಲಸ ಮುಗಿದ ಮೇಲೆ ನೇರ ಹೆದ್ದಾರಿಗೆ ಇಳಿಯಬೇಡಿ. ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ, ಚಕ್ರ ಉರುಳಬಾರದು. ಹಿಂದಿನದನ್ನೂ ಹಾಗೆಯೇ ನೋಡಿ. ನಂತರ ಖಾಲಿ ಮೈದಾನದಲ್ಲಿ ಮೆಲ್ಲಗೆ, ಆಮೇಲೆ ಸ್ವಲ್ಪ ವೇಗವಾಗಿ ಓಡಿಸಿ ನಿಲ್ಲಿಸಿ ನೋಡಿ. ಅಲ್ಲಿ ನೀವು ಬಯಸಿದ ಜಾಗದಲ್ಲಿ ಸೈಕಲ್ ನಿಂತ ಮೇಲೆಯೇ ಮಗುವನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಳ್ಳಿ.