ಡ್ರೋನ್ ಯಾವಾಗ ವಾಪಸ್ ಹೊರಡಬೇಕು? ಪಾಲಕ್ಕಾಡ್ ಗಾಳಿಯಲ್ಲಿ ಒಂದು ಲೆಕ್ಕ

ನಾನು ಬರೆದ ಮೊದಲ ಕೋಡ್‌ನಲ್ಲಿ ಉತ್ತರ ಸರಳವಾಗಿತ್ತು: ಬ್ಯಾಟರಿ ಶೇ. 25ಕ್ಕೆ ಇಳಿದಾಗ. ಬೆಂಗಳೂರಿನ ಪರೀಕ್ಷೆಗಳಲ್ಲಿ ಅದು ಸಾಕಾಯಿತು, ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ ಕಡೆ ಸಾಕಾಗಲಿಲ್ಲ. ಪಶ್ಚಿಮಘಟ್ಟ ಪಾಲಕ್ಕಾಡ್ ಬಳಿ ತಗ್ಗಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಆ ಸಂದಿಯಿಂದ ಕೊಯಮತ್ತೂರು, ತಿರುಪ್ಪೂರು ಬಯಲಿಗೆ ನುಗ್ಗುತ್ತೆ. ಅಲ್ಲಿ ಅಷ್ಟೊಂದು ಗಾಳಿಯಂತ್ರಗಳು ನಿಂತಿರೋದೂ ಅದಕ್ಕೇ. (ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತೆ ಅಂತ ತಮಿಳರ ಗಾದೆ. ನಮ್ಮ ಸಿಮ್ಯುಲೇಟರ್‌ನಲ್ಲಿ ಗಾಳಿಯನ್ನೇ ಹಾಕಿರಲಿಲ್ಲ.)

ಲೆಕ್ಕ ನೋಡಿ. ಗಾಳಿಯಿಲ್ಲದಾಗ ಡ್ರೋನ್‌ನ ವೇಗ ಸೆಕೆಂಡಿಗೆ 10 ಮೀಟರ್; ಗಾಳಿಯದ್ದು 6 ಅಂತಿಟ್ಟುಕೊಳ್ಳಿ. ಗಾಳಿ ಬೀಸುವತ್ತ 1 ಕಿ.ಮೀ. ಹೋಗಲು ಸುಮಾರು 63 ಸೆಕೆಂಡು, ಎದುರುಗಾಳಿಯಲ್ಲಿ ವಾಪಸ್ ಬರಲು 250. ಹೋಗುವಾಗ ಬ್ಯಾಟರಿ ಚೆನ್ನಾಗೇ ಕಾಣುತ್ತೆ, ಅದೇ ಮೋಸ. ನಮ್ಮದೊಂದು ಡ್ರೋನ್ ಹಾಗೆ ಅರ್ಧ ದಾರಿಯಲ್ಲೇ ತೆಂಗಿನ ತೋಪಿನೊಳಗೆ ಬಿತ್ತು. ಹತ್ತು ಹೆಜ್ಜೆ ಆಚೆ ಕೂಲಿಯವರು ಊಟಕ್ಕೆ ಕೂತಿದ್ದರು.

ಈಗಿನ ಕೋಡ್ ಬರೀ ಶೇಕಡಾವಾರು ನೋಡೋದಿಲ್ಲ. ಜಿಪಿಎಸ್ ಕೊಡುವ ನೆಲದ ವೇಗ, ಡ್ರೋನ್ ವಾಲಿರುವ ಕೋನ ಇವುಗಳಿಂದ ಗಾಳಿಯನ್ನು ಅಂದಾಜಿಸಿ, ಹೊರಟ ಜಾಗಕ್ಕೆ ಮರಳಲು ಬೇಕಾದ ಶಕ್ತಿಯನ್ನು ಪ್ರತಿ ಸೆಕೆಂಡೂ ಲೆಕ್ಕ ಹಾಕುತ್ತೆ. ಗಾಳಿ ದಿಢೀರನೆ ಏರಿದರೆ ಈ ಅಂದಾಜೂ ತಪ್ಪಬಹುದು. ಅದಕ್ಕೇ ಆಗೋ ಕಡೆಯಲ್ಲೆಲ್ಲ ಮೊದಲು ಎದುರುಗಾಳಿಗೇ ಹಾರಿಸ್ತೇವೆ.