ಕೆಲಸದ ಒತ್ತಡ: ನೌಕರರ ನಡವಳಿಕೆ ಮತ್ತು ಕಾರ್ಯಕ್ಷಮತೆ

ಎಲ್ಲರೊಂದಿಗೆ ನಗುತ್ತ ಮಾತನಾಡುತ್ತಿದ್ದ ಲೆಕ್ಕಪತ್ರ ವಿಭಾಗದ ನೌಕರರೊಬ್ಬರು ಈಗ ಸಣ್ಣ ಮಾತಿಗೂ ಸಿಡುಕುತ್ತಾರೆ. ಊಟಕ್ಕೆ ಒಬ್ಬರೇ ಕೂರುತ್ತಾರೆ. ಒಂದೇ ಬಿಲ್ಲನ್ನು ಮೂರು ಸಲ ನೋಡಿಯೂ ತಪ್ಪು ಮಾಡುತ್ತಾರೆ. ಮಾಲೀಕರಿಗೆ ಇದು ಸೋಮಾರಿತನ ಅಥವಾ ಅಹಂಕಾರವಾಗಿ ಕಾಣಬಹುದು. ಆದರೆ ಇದರ ಹಿಂದೆ ಕೆಲಸದ ಒತ್ತಡವಿರುವ ಸಾಧ್ಯತೆಯೂ ಇದೆ.

ಒತ್ತಡವೆಲ್ಲವೂ ಕೆಟ್ಟದ್ದಲ್ಲ. ಗಡುವು ಹತ್ತಿರವಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಏರಿ ಮನಸ್ಸು ಚುರುಕಾಗುತ್ತದೆ. ಕೆಲಸ ಮುಗಿದ ಮೇಲೆ ದೇಹ ಸಹಜ ಸ್ಥಿತಿಗೆ ಮರಳಬೇಕು. ಒತ್ತಡ ತಿಂಗಳುಗಟ್ಟಲೆ ಇಳಿಯದಿದ್ದರೆ ನಿದ್ರೆ ಕೆಡುತ್ತದೆ, ಗಮನ ಮತ್ತು ನೆನಪು ಕುಗ್ಗುತ್ತವೆ, ತಾಳ್ಮೆ ಕಡಿಮೆಯಾಗುತ್ತದೆ. ಕೆಲವರು ಪದೇ ಪದೇ ರಜೆ ಹಾಕುತ್ತಾರೆ. ಇನ್ನು ಕೆಲವರು ದಿನವೂ ಬರುತ್ತಾರೆ, ಆದರೆ ಕೆಲಸ ಸಾಗುವುದಿಲ್ಲ.

ಹೆಚ್ಚು ಕೆಲಸವೊಂದೇ ಇದಕ್ಕೆ ಕಾರಣವಲ್ಲ. ಕೆಲಸದ ಬೇಡಿಕೆ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಕಡಿಮೆಯಿದ್ದಾಗ ಒತ್ತಡ ತೀವ್ರವಾಗುತ್ತದೆ ಎಂದು ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ವಿವರಿಸಿದರು. ಲಂಡನ್ನಿನಲ್ಲಿ 1985ರಲ್ಲಿ ಆರಂಭವಾದ ಎರಡನೇ ವೈಟ್‌ಹಾಲ್ ಅಧ್ಯಯನವು 10,308 ಸರ್ಕಾರಿ ನೌಕರರನ್ನು ಗಮನಿಸಿತು. ತಮ್ಮ ಕೆಲಸದ ಮೇಲೆ ಹಿಡಿತ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚೆಂದು ಅದರಿಂದ ತಿಳಿದುಬಂತು.

ದುಡಿಮೆಯ ಅವಧಿಯೂ ಮುಖ್ಯ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದವು.

ವಿಶ್ವ ಆರೋಗ್ಯ ಸಂಸ್ಥೆ 'ಬರ್ನ್‌ಔಟ್' ಎಂಬ ಸ್ಥಿತಿಗೆ ಮೂರು ಲಕ್ಷಣಗಳನ್ನು ಹೇಳುತ್ತದೆ: ತೀವ್ರ ಬಳಲಿಕೆ, ಕೆಲಸದ ಬಗ್ಗೆ ಜಿಗುಪ್ಸೆ, ಕಾರ್ಯಕ್ಷಮತೆಯ ಇಳಿಕೆ. ಇದನ್ನು ಅದು ಕಾಯಿಲೆಯೆಂದು ಪರಿಗಣಿಸಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲವೆಂದು ಗುರುತಿಸಿದೆ. ಆದ್ದರಿಂದ ನೌಕರರಿಗೆ ಧ್ಯಾನ, ವ್ಯಾಯಾಮದ ಸಲಹೆ ಕೊಟ್ಟರಷ್ಟೇ ಸಾಲದು, ಕೆಲಸದ ಕ್ರಮವೂ ಬದಲಾಗಬೇಕು.

ಅಂಗಡಿಯಿರಲಿ, ಕಚೇರಿಯಿರಲಿ, ಮಾಡಬಹುದಾದದ್ದು ಸರಳ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಸ್ಪಷ್ಟವಾಗಿ ತಿಳಿಸಬೇಕು. ಅದನ್ನು ಮಾಡುವ ವಿಧಾನವನ್ನು ಅನುಭವಿ ನೌಕರರಿಗೇ ಬಿಡಬೇಕು. ರಾತ್ರಿ ಫೋನ್ ಮಾಡುವುದನ್ನು ತಪ್ಪಿಸಬೇಕು. ಯಾರದಾದರೂ ನಡವಳಿಕೆ ಬದಲಾದರೆ ಎಲ್ಲರೆದುರು ಗದರಿಸದೆ, ಒಬ್ಬರೇ ಇರುವಾಗ "ಏನಾದರೂ ತೊಂದರೆಯಿದೆಯೇ?" ಎಂದು ಕೇಳಬೇಕು. ನಿದ್ರಾಹೀನತೆ, ಹತಾಶೆ ಮುಂದುವರಿದರೆ ವೈದ್ಯರನ್ನು ಕಾಣುವುದು ಅಗತ್ಯ.